ಸೋಸದೆ ಸುರಿದ ಡೀಸೆಲ್

ಹೊಳೆ ಸಮುದ್ರ ಸೇರೋ ಕಡೆ ಒಬ್ಬ ಸಾಹುಕಾರ ಇದ್ದ ಅಂತಿಟ್ಕೊಳ್ಳಿ. ದಕ್ಕೆಯಲ್ಲಿ ಕಟ್ಟಿರೋ ಎಂಜಿನ್ ದೋಣಿಗಳಲ್ಲಿ ಅರ್ಧ ಅವನವೇ. ಆ ಮನುಷ್ಯಂದು ಒಂದು ಕಟ್ಟುನಿಟ್ಟು. ಡೀಸೆಲ್ ಡ್ರಮ್ ಉರುಳಿಸಿಕೊಂಡು ಬಂದ್ರೆ ತಕ್ಷಣ ಮುಟ್ಟಬಾರದು. ನಿಲ್ಲಿಸಿ, ತಿಳಿಯಾಗೋಕೆ ಬಿಡಬೇಕು. ಡೀಸೆಲಿಗಿಂತ ನೀರು ಭಾರ ನೋಡಿ, ತಳಕ್ಕೆ ಇಳಿಯುತ್ತೆ. ಆಮೇಲೆ ಲಾಳಿಕೆಗೆ ಬಟ್ಟೆ ಕಟ್ಟಿ, ಮೇಲಿಂದು ಮಾತ್ರ ಸೋಸಿ ತುಂಬಬೇಕು. ತಳದ್ದು ಬೇಡವೇ ಬೇಡ. ಬಟ್ಟೆ ಕಟ್ಟದೆ ಸುರಿದ ಆಳನ್ನ ಅಲ್ಲೇ ನಿಲ್ಲಿಸಿ ಬಯ್ಯೋನು. ತಪ್ಪಾ? ಅಲ್ಲ, ಸರಿಯೇ.

ಎಲ್ಲಾ ಸರಿ, ಒಂದು ಸರಿ ಇರಲಿಲ್ಲ. ಹೊಳೆಯ ಆಚೆ ದಡದಲ್ಲಿ ಅವನ ಅಕ್ಕ. ತಾಯಿ ಇಲ್ಲದ ಇವನನ್ನ ಎತ್ತಿ ಆಡಿಸಿದವಳು ಅವಳೇ. ಮನೆ ಪಾಲಾಗೋವಾಗ ಒಂದು ಮಾತು ಬಂತು, ಮಾತಿಗೆ ಮಾತು ಬೆಳೀತು, ವರ್ಷಗಟ್ಟಲೆ ಇವನು ಆಚೆ ದಡ ತುಳೀಲಿಲ್ಲ. ಆದ್ರೆ ದಿನಾ ಸಂಜೆ ದಕ್ಕೆಯಲ್ಲಿ ನಿಂತು ಅದೇ ದಡ ನೋಡೋನು. ಕೇಳಿದ್ರೆ, ಗಾಳಿ ನೋಡ್ತಿದ್ದೀನಿ ಅನ್ನೋನು. ಯಾಕೆ ನಗ್ತೀರಿ? ನಿಮ್ಮಲ್ಲಿ ಎಷ್ಟು ಜನ ಹೀಗೇ ಗಾಳಿ ನೋಡ್ತಿದ್ದೀರಿ ಅಂತ ನಂಗೊತ್ತಿಲ್ವಾ?

ಮಳೆಗಾಲದ ಬಾಗಿಲಲ್ಲಿ ಅಕ್ಕ ಹೇಳಿಕಳಿಸಿದಳು. "ಕಣ್ಣು ಮಂಜಾಗ್ತಾ ಇದೆ. ವಾಸಿಯಾಗೋ ಕಣ್ಣಲ್ಲ ಅಂದ್ರು ಡಾಕ್ಟ್ರು. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಮುಖ ತೋರಿಸಿ ಹೋಗೋ."

ಅವನ ಎದೆ ಕರಗಿ ಹೋಯ್ತು. ಓಡಿದ ದಕ್ಕೆಗೆ. ಅವನ ಒಂದು ದೋಣೀಲೂ ಡೀಸೆಲ್ ಇಲ್ಲ. ಹಿಂದಿನ ದಿನ ಮೊದಲ ಮಳೆ ಬಿದ್ದು ಡ್ರಮ್ಮಿನ ತಲೆ ಮೇಲೆ ನೀರು ನಿಂತಿತ್ತು, ಮುಚ್ಚಳದ ಸಂದಿಯಿಂದ ಒಳಗೂ ಇಳಿದಿತ್ತು. ತಾನೇ ಡ್ರಮ್ ಬಗ್ಗಿಸಿದ. ಬಟ್ಟೆಯಲ್ಲಿ ಡೀಸೆಲ್ ದಾರದ ಹಾಗೆ ಇಳೀತಾ ಇತ್ತು. ಬಟ್ಟೆ ಕಿತ್ತು ಎಸೆದ.

ಹೆಂಡತಿ ಹಿಂದೇನೇ ಬಂದವಳು ಅಂದಳು, "ಅಲ್ಲ ಇವರೇ, ಸೋಸಲ್ವಾ? ಕೆಳಗಡೆ ನೀರಿರುತ್ತೆ."

"ಇವತ್ತೊಂದಿನ ಬಿಡೇ. ಅಕ್ಕ ಕಾಯ್ತಿದ್ದಾಳೆ."

ಕೇಳಿಸಿಕೊಂಡ್ರಾ? ವರ್ಷಗಟ್ಟಲೆ ಸಿಟ್ಟು ಹಿಡಿದು ಕೂತಿದ್ದವನಿಗೆ ಡೀಸೆಲ್ ಸೋಸೋ ಹೊತ್ತು ಉದ್ದ ಅನಿಸ್ತು. ಡ್ರಮ್ ಅಲ್ಲಾಡಿಸಿ ತಳದ ನೀರು, ತುಕ್ಕು, ಮರಳು ಎಲ್ಲಾ ಸೇರಿಸಿ ಬಗ್ಗಿಸಿದ.

ಹಳೆ ಡೀಸೆಲ್ ಪೈಪಿನಲ್ಲಿ ಒಂಚೂರು ಇತ್ತಲ್ಲ, ಎಂಜಿನ್ ಚೆನ್ನಾಗೇ ಹತ್ತಿಕೊಳ್ತು. ಆಚೆ ದಡದಲ್ಲಿ ಅಕ್ಕ ನಿಂತಿದ್ದಳು. ಅವಳಿಗೆ ದೋಣಿ ಕಾಣ್ತಿರಲಿಲ್ಲ, ಸದ್ದು ಕೇಳ್ತಿತ್ತು. ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಡು ಹೊಳೆಯಲ್ಲಿ ಸದ್ದು ಎರಡು ಸಲ ಕೆಮ್ಮಿ ನಿಂತೇ ಹೋಯ್ತು.

ಇಳಿತದ ಸೆಳವು ದೋಣಿಯನ್ನ ಸಮುದ್ರದ ಕಡೆ ಎಳೀತು. ಮೀನುಗಾರರು ಹಗ್ಗ ಹಾಕಿ ಎಳೆದು ಈಚೆ ದಡಕ್ಕೇ ತಂದು ಬಿಟ್ರು. ಸಂಜೆಗೆ ಮಳೆ ಹಿಡೀತು, ಹೊಳೆ ಕೆಂಪಾಗಿ ತುಂಬಿ ಹರೀತು. ಸೇತುವೆ ಇಲ್ಲದ, ಫೋನ್ ಇಲ್ಲದ ಕಾಲ. ಮಳೆಗಾಲ ಮುಗಿಯೋವರೆಗೆ ಆ ಹೊಳೆಗೆ ಯಾರೂ ದೋಣಿ ಇಳಿಸೋ ಹಾಗಿಲ್ಲ.

ನೀರು ಇಳಿದ ಮೇಲೆ ಹೋದ. ಬಾಗಿಲಲ್ಲಿ ಕೂತಿದ್ದ ಅಕ್ಕ, ಹೆಜ್ಜೆ ಸದ್ದಿಗೆ ತಲೆ ಎತ್ತಿದಳು, ಎತ್ತಿದ್ದು ಬೇರೆ ಕಡೆಗೆ. "ಯಾರು?"

"ನಾನು ಅಕ್ಕ."

ಕೈ ಚಾಚಿ ಅವನ ಮುಖ ಸವರಿದಳು. "ಅವತ್ತು ನಡು ಹೊಳೆಯಿಂದ ವಾಪಸ್ ಹೋದ್ಯಲ್ಲೋ. ಮತ್ತೆ ಸಿಟ್ಟು ಬಂತಾ ಅಂದ್ಕೊಂಡೆ."

"ವಾಪಸ್ ಹೋಗಲಿಲ್ಲ ಅಕ್ಕ. ಎಂಜಿನ್ ನಿಂತು ಹೋಯ್ತು."

ಅವಳ ಬೆರಳು ಅವನ ಮೀಸೆ ಮೇಲೆ ನಿಂತವು. "ಬೆಳ್ಳಗಾಗಿದೆಯೇನೋ?"

"ಹ್ಞೂ ಅಕ್ಕ. ಪೂರ್ತಿ."

ಇಷ್ಟೇ ಕಥೆ. ಈಗ ನಿಮ್ಮ ಕಡೆ ಬರ್ತೀನಿ. ಅವನಿಗೆ ಹಂಬಲ ಕಮ್ಮಿ ಇತ್ತಾ? ಎದೆ ತುಂಬ ಇತ್ತು. ಹಂಬಲ ಇದ್ದ ಮಾತ್ರಕ್ಕೆ ದೋಣಿ ದಡ ಮುಟ್ಟೋದಿಲ್ಲ, ತಾಯಂದಿರೇ. ನೀವೂ ಹೊರಡ್ತೀರಿ. ತಮ್ಮನ ಮನೆಗೆ, ವಾರಗಿತ್ತಿ ಮನೆಗೆ, ಮಾತು ಬಿಟ್ಟ ಮಗಳ ಮನೆಗೆ. ಪ್ರೀತಿಯಿಂದಲೇ ಹೊರಡ್ತೀರಿ. ಅರ್ಧ ದಾರೀಲಿ "ಆದ್ರೂ ಅವತ್ತು ನೀನು ಹಾಗನ್ನಬಾರದಿತ್ತು" ಅಂತೀರಿ. ಮುಗೀತು, ಎಂಜಿನ್ ಕೆಮ್ತು. ಆಚೆ ದಡದಲ್ಲಿ ನಿಂತವರಿಗೆ ನಿಮ್ಮ ಎದೆ ಕಾಣೋದಿಲ್ಲ ಸ್ವಾಮಿ, ಸದ್ದು ನಿಂತಿದ್ದಷ್ಟೇ ಕೇಳುತ್ತೆ.

ಹಾಗಾದ್ರೆ ಏನು ಮಾಡಬೇಕು? ಸೋಸಬೇಕು ಅಂತ ಇನ್ನೊಂದು ವರ್ಷ ಕೂರಬೇಡಿ, ಅದು ಬರೀ ನೆಪ. ಇವತ್ತು ಮನೆಗೆ ಹೋಗಿ ಕೈಕಾಲು ತೊಳೆದು, ಒಂದು ಗಳಿಗೆ ದೇವರ ಮುಂದೆ ಸುಮ್ಮನೆ ಕೂತ್ಕೊಳ್ಳಿ. ಕಲಕಿದ್ದು ತಿಳಿಯಾಗಲಿ. ಆಡಬೇಕಾದ ಮಾತಲ್ಲಿ ಹಳೆ ಲೆಕ್ಕ, ಚುಚ್ಚು ಏನಿದೆಯೋ ಅದನ್ನ ತೆಗೆದು ಹಾಕಿ. ಉಳಿದದ್ದು ಒಂದೇ ಮಾತಾದ್ರೂ ಸಾಕು. "ಚೆನ್ನಾಗಿದ್ದೀಯಾ? ನೋಡಬೇಕು ಅನಿಸ್ತು." ಅಷ್ಟನ್ನೇ ತಗೊಂಡು, ನಾಳೆ ಬೆಳಿಗ್ಗೆ ಅವರ ಮನೆ ಬಾಗಿಲು ತಟ್ಟಿ.