ಶಿಫಾರಸು ಚೀಟಿಯ ಸೀಲು

ನಗ್ತೀಯಾ ಯಾಕೆ ಸಂಗೀತಾ? ಗೌರ್ಮೆಂಟ್ ಆಸ್ಪತ್ರೆ ಗುಮಾಸ್ತ ಇನ್ಶೂರೆನ್ಸ್ ಮಾಡಿಸಬಾರದು ಅಂತ ಕಾನೂನಿದೆಯಾ? ಬರ್ಕೊ. ಮಾಸ್ತಪ್ಪ. ಹೆಂಡ್ತಿ ಗುಡ್ಡಮ್ಮ. ಕಾಯಿಲೆ... ಇಬ್ರಿಗೂ ಇಲ್ಲ. ಅವಳಿಗೆ ಸಿಟ್ಟಿದೆ, ಅದಕ್ಕೆ ಕಾಲಂ ಇಲ್ಲ ಬಿಡು. ಉಜ್ಜಪ್ಪಣ್ಣನ ಮಗಳು ಏಜೆಂಟಾಗಿದಾಳೆ ಅಂದ ತಕ್ಷಣ ನಿನ್ನನ್ನೇ ಕರೆಸ್ದೆ. ಪಾಪ, ನಿಮ್ಮಪ್ಪ ಇರಬೇಕಿತ್ತು.

ಏನಂದೆ? ಎಲ್ಲ ಫ್ರೀ ಇರುವಾಗ ನಿಮಗ್ಯಾಕೆ ಅಂತಲಾ? ಫ್ರೀನೇ ಕಣಮ್ಮ, ಯಾರು ಇಲ್ಲ ಅಂದ್ರು? ಕುಪ್ಪಗಡ್ಡೆ, ಕುಬಟೂರು ಕಡೆಯೆಲ್ಲ ನಾನೇ ಸಾರ್ಕೊಂಡು ಬಂದೀನಿ. ಆರೋಗ್ಯ ಕಾರ್ಡ್ ಇದ್ರೆ ಶಿವಮೊಗ್ಗದಲ್ಲೂ ಆಪರೇಷನ್ ಫ್ರೀ. ನಮ್ಮಿಂದ ಒಂದು ಶಿಫಾರಸು ಚೀಟಿ ಬೇಕು, ಅಷ್ಟೇ. ಡಾಕ್ಟ್ರು ಬರೀಬೇಕು, ನಾನು ಸೀಲು ಒತ್ಬೇಕು.

ಆ ಸೀಲಿಗೆ ಜನ ಹೆಂಗೆ ಕಾಯ್ತಾರೆ ನೋಡಿದೀಯಲ್ಲ. ಇಷ್ಟು ವರ್ಷ ನಾನು ಟೇಬಲ್ಲಿನ ಈಚೆ ಕೂತಿದ್ದೆ. ಬರೋ ತಿಂಗಳು ರಿಟೈರು, ಆಚೆ ಹೋಗಿ ನಿಲ್ಬೇಕು. ಹೊಸಬ 'ನಾಳೆ ಬನ್ನಿ' ಅಂದ್ರೆ? ಅಂತಾನೆ ಕಣಮ್ಮ. ಆ ಕುರ್ಚಿ ಅಂಥದ್ದು. ಹೆದರಿಕೆ ಆಗುತ್ತೆ. ನಿನ್ನ ಹತ್ರ ಮುಚ್ಚಿಡೋದೇನು.

ಆಧಾರ್ ಕಾರ್ಡಾ? ಜೇಬಲ್ಲೇ ಇದೆ, ತಡಿ... ಬಿತ್ತು. ಅದಲ್ಲ, ಅದು ಸೀಲು. ಕೊಡಿಲ್ಲಿ. ಡ್ರಾಯರಲ್ಲಿಟ್ರೆ ಯಾರ್ಯಾರೋ ಒತ್ಕೊಳ್ತಾರೆ ಅಂತ ಜೊತೆಗೇ ಇಟ್ಕೊಳ್ತೀನಿ. ಹನ್ನೆರಡು ವರ್ಷ ಆಯ್ತು, ಒಂದು ದಿನ ಈ ಜೇಬು ಬಿಟ್ಟು ಹೋಗಿಲ್ಲ. ಮದುವೆ ಮನೆಗೂ ಬರುತ್ತೆ.

ಕೊಡಮ್ಮ... ಯಾಕೆ ಹಂಗೆ ತಿರುಗಿಸಿ ತಿರುಗಿಸಿ ನೋಡ್ತೀಯಾ?

ಓ.

ಅಲ್ಲ... ಆವತ್ತು ನಿಮ್ಮಪ್ಪ ಚೀಟಿಗೆ ಸೀಲು ಹಾಕಿಸೋಕೆ ಬಂದಿದ್ದು ಶನಿವಾರ. ಸೀಲು ಡಾಕ್ಟ್ರ ಬೀರುವಿನಲ್ಲಿದೆ, ಬೀಗ ಹಾಕ್ಕೊಂಡು ಹೋದ್ರು, ಸೋಮವಾರ ಬನ್ನಿ ಅಂದೆ. ನೀನೂ ಪಕ್ಕದಲ್ಲೇ ಇದ್ದೆ. ಎದೆನೋವು ಅಂತ ಗೊತ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ ನಡ್ಕೊಂಡೇ ಬಂದಿದ್ರಲ್ಲ... ಭಾನುವಾರಕ್ಕೇ ಹಂಗಾಗುತ್ತೆ ಅಂತ ಯಾರಿಗೆ...

ಬೈಯೋದಾದ್ರೆ ಬೈದ್ಬಿಡು ಸಂಗೀತಾ.

ಆನವಟ್ಟಿಲಿ ಷಡ್ಕನ ಮನೆ ಗೃಹಪ್ರವೇಶ ಇತ್ತು. ಬಸ್ಸು ಹೊರಡೋದ್ರಲ್ಲಿತ್ತು. ಊಟ ಮುಗಿದುಹೋಗುತ್ತೆ ಅಂತ... ಡಾಕ್ಟ್ರು ಚೀಟಿ ಬರೆದಾಗಿತ್ತು. ರಿಜಿಸ್ಟರಿಗೆ ಏರಿಸಿ ಒತ್ತಿದ್ರೆ ಆಗ್ತಿತ್ತು, ಐದು ನಿಮಿಷ. ಜೇಬಲ್ಲೇ ಇತ್ತಮ್ಮ.

ಯಾಕೆ, ಫಾರ್ಮು ಬ್ಯಾಗಿಗೆ ಹಾಕ್ಕೊಂಡೆ? ಒಂದು ಸೈನ್ ತಾನೆ ಬಾಕಿ... ಕಾಫಿನೂ ಕುಡೀಲಿಲ್ಲ, ಗುಡ್ಡಮ್ಮ ಮಾಡ್ತಿದಾಳೆ.

ಹೊರಟೇಬಿಟ್ಯಾ...

ಸೋಮವಾರ ಬರ್ತೀಯೇನಮ್ಮ?