ತಮ್ಮನ ತುಂಬುತೋಳು

ಆ ಬೆಳಿಗ್ಗೆ ಎಲೆಯೂ ಅಲುಗದಂಥ ಸೆಕೆ. ಬಸ್‌ಸ್ಟಾಪಿನಲ್ಲಿ ದೇವರನ್ನು ನೆನೆಯುತ್ತ ಕೂತಿದ್ದ ಅಜ್ಜಿಯ ಕಿವಿಗೆ, ಪಕ್ಕದಲ್ಲಿ ನಿಂತ ಅಕ್ಕ-ತಮ್ಮನ ಮಾತು ಬಿತ್ತು. ಅಕ್ಕ ಬಟ್ಟೆ ಹೊಲಿಯುವವಳು; ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಮತ್ತೆ ಮತ್ತೆ ನಿನ್ನ ಪ್ಯಾಂಟಿನ ಸೊಂಟ ಬಿಗಿ ಮಾಡ್ಕೊಟ್ಟೆ. ಡಯಟ್ ಅಂದ್ಯಲ್ಲೋ, ನಂಬಿಬಿಟ್ಟೆ.”

“ಡಯಟ್ಟೇ ಕಣಕ್ಕ.”

“ಈ ಸೆಕೇಲಿ ತುಂಬುತೋಳಿನ ಶರ್ಟು ಬೇಕು ಅಂದೆ. ನಾನೊಬ್ಬಳು ಪೆದ್ದಿ, ಹೊಲಿದೂ ಕೊಟ್ಟೆ. ಎಲ್ಲಿ, ತೋಳು ಮಡಿಸು.”

ತಮ್ಮ ಮಡಿಸಲಿಲ್ಲ.

“ಅಮ್ಮನ ನೋವಿನ ಇಂಜೆಕ್ಷನ್ನು ನೀನು ಚುಚ್ಚಿಕೊಳ್ತಿದ್ದೀಯ. ನಾನು ಅಮ್ಮನ್ನ ನೋಡ್ಕೊಳ್ಳೋ ಹೆಂಗಸನ್ನ ಕಳ್ಳಿ ಅಂತ ಹೊರಗೆ ಹಾಕಿದೆ. ನೀನು ಅಲ್ಲೇ ಕೂತು ಟೀ ಕುಡಿದ್ಯಲ್ಲೋ!”

“ಕುಡಿದೆ.”

ಬಸ್ಸು ಬಂತು.

“ಹತ್ತು. ಮೊದಲು ಅವಳ ಕಾಲಿಗೆ ಬೀಳೋಣ, ಆಮೇಲೆ ಡಾಕ್ಟರು.”

ಮೆಟ್ಟಿಲ ಮೇಲೆ ತಮ್ಮ ಜೇಬಿನಿಂದ ಅಮ್ಮನ ಔಷಧಿಯ ಪುಟ್ಟ ಸೀಸೆ ತೆಗೆದು ಅಕ್ಕನ ಅಂಗೈಗಿಟ್ಟ.