ಹುಳದ ಸಾಲು

ಎಲ್ಲಿತ್ತೋ, ಯಾವಾಗಿತ್ತೋ, ಕಲ್ಲೇ ಹಾಸಿದ ಒಂದು ಗುಡ್ಡದ ಊರು. ಊರಿಗೆಲ್ಲ ಮಣ್ಣಿದ್ದದ್ದು ಒಂದೇ ತುಂಡು. ಅದನ್ನು ಎಲ್ಲರೂ ಸೇರಿ ತೋಟ ಮಾಡಿದ್ದರು. ಸಗಣಿ ಒಬ್ಬರದು, ಬೂದಿ ಒಬ್ಬರದು, ತರಗೆಲೆ ಒಬ್ಬರದು. ಉಣ್ಣುವುದು ಮಾತ್ರ ಎಲ್ಲರೂ.

ಕೇಳಿ, ಆ ತೋಟಕ್ಕೊಂದು ಕಟ್ಟಳೆ ಇತ್ತು. ಸುತ್ತಲ ಬದುವಿನ ಮೇಲೆ ಹರಳು ಗಿಡ ಹಾಕಬೇಕು. ಅದು ಹುಳದ ಪಾಲು. ಹುಳ ಹರಳೆಲೆ ತಿಂದುಕೊಂಡು ಅಲ್ಲೇ ಇರುತ್ತದೆ, ಒಳಗಿನ ಬೆಳೆಯ ತಂಟೆಗೆ ಬರುವುದಿಲ್ಲ. ಆ ಸಾಲು ವರ್ಷಕ್ಕೊಂದು ಮನೆಯ ಸರದಿ. ಆ ವರ್ಷ ಹೊಂಬಾಳಮ್ಮನದು.

ಹೊಂಬಾಳಮ್ಮ ಎಂಥವಳು? ಅವಳ ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಬಿದ್ದಿರುತ್ತಿರಲಿಲ್ಲ. ಅಂಥವಳ ಗಿಡ ಜರಡಿಯಾಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

ನೀರಿಗೆ ಹೋಗುವವಳು ನಕ್ಕಳು: "ಏನಕ್ಕ, ಹುಳಕ್ಕೆ ಹಬ್ಬದೂಟ ಹಾಕ್ತಿದ್ದೀಯ?"

ಸೌದೆಗೆ ಹೋಗುವವಳು ನಕ್ಕಳು: "ಎಲೆ ಎಲ್ಲಕ್ಕ? ಬರೀ ನರ ಕಾಣ್ತದೆ."

ಮೂರನೆಯವಳು ದೂರದೂರಿನ ಬೀಗಿತ್ತಿ, ಸೊಸೆ ಮಾದೇವಿಯ ತಾಯಿ. ಕಟ್ಟಳೆ ಅರಿಯದವಳು. "ನಮ್ಮ ಹುಡುಗೀನ ಕೊಟ್ಟ ಮನೆಯ ಗಿಡ ಇದೇನಾ?" ಎಂದಳು. ನಗಲಿಲ್ಲ.

ನಕ್ಕವರ ಮಾತು ಚರ್ಮದ ಮೇಲೆ, ನಗದವರ ಮಾತು ಮೂಳೆಯೊಳಗೆ. ಹೊಂಬಾಳಮ್ಮ ಬೇವಿನ ಬೀಜ ಕುಟ್ಟಿದಳು, ಗಂಜಲದಲ್ಲಿ ನೆನೆಸಿದಳು, ಹರಳಿಗೆಲ್ಲ ಎರಚಿದಳು. ಬಾಣಂತಿ ಮಾದೇವಿ ಕೂಸನ್ನು ಅವಚಿಕೊಂಡೇ ಓಡಿ ಬಂದಳು.

"ಅತ್ತೆ, ಹುಳ ಇಲ್ಲಿಂದ ಎಲ್ಲಿಗೆ ಹೋಗ್ತವೆ?"

"ಸಾಯ್ತವೆ. ನೀನು ಒಳಗೆ ನಡಿ, ಗಾಳಿ ತಾಗುತ್ತೆ."

ಹರಳು ಹಸಿರಾಯಿತು. ಬೀಗಿತ್ತಿ ಮೆಚ್ಚಿಕೊಂಡು ಊರಿಗೆ ಹೋದಳು.

ಹುಳ ಸತ್ತವೇ? ಕಹಿ ಬಿಟ್ಟು ಒಳಗೆ ನಡೆದವು. ಅಲಸಂದೆ ತಿಂದವು, ಮೆಣಸಿನ ಗಿಡ ತಿಂದವು, ಕುಡಿಯಿಡುತ್ತಿದ್ದ ಅವರೆಯನ್ನೂ ತಿಂದವು. ಊರವರು ಬೇವು ಕುಟ್ಟಿ ತರುವಷ್ಟರಲ್ಲಿ ಬರೀ ಕಡ್ಡಿ ನಿಂತಿತ್ತು.

ಆ ಬೇಸಿಗೆ ಜನ ಹುಣಸೆ ಬೀಜ ಹುರಿದು ತಿಂದರು. ಮಾದೇವಿಯ ಎದೆಹಾಲು ಬತ್ತಿತು. ಹೊಳೆ ದಾಟಿ ತವರಿಗೆ ಹೋಗುವ ತ್ರಾಣವೂ ಇರಲಿಲ್ಲ. ಗಂಜಿ ತೆಳುವಾಯಿತು, ಕೂಸಿನ ಅಳು ತೆಳುವಾಯಿತು, ಆಮೇಲೆ ಅಳುವೇ ಇಲ್ಲ. ಸೊಸೆ ಅತ್ತೆಯನ್ನು ಬೈಯಲಿಲ್ಲ. ಬರಿದಾದ ತೊಟ್ಟಿಲು ಬಿಚ್ಚಿ ಅಟ್ಟಕ್ಕೇರಿಸಿದಳು.

ಮಳೆ ಬಂತು. ಸರದಿ ಹಾಕಲು ಊರು ಸೇರಿತು. ಹೊಂಬಾಳಮ್ಮ ಎದ್ದು ನಿಂತಳು. "ಇನ್ನು ಸರದಿ ಬೇಡ. ಹುಳದ ಸಾಲು ಎಂದೆಂದಿಗೂ ನಮ್ಮನೇದು."

ಹರಳು ಬೆಳೆಯಿತು, ಹುಳ ಬಿತ್ತು. ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಬದುವಿನ ಮೇಲೆ ನಿಂತು ಕೇಳಿದಳು: "ಅಜ್ಜಿ, ಹಿಂಗೆ ತಿನ್ನೋಕೆ ಬಿಟ್ಟಿದ್ದೀರಲ್ಲ?"

"ತಿನ್ನಲಿ ಬಿಡವ್ವ. ನಮ್ಮನೇಲಿ ಉಣ್ಣೋ ಬಾಯಿ ಒಂದು ಕಮ್ಮಿಯಾಗಿದೆ."

ಕಥೆ ಬದು ದಾಟಿ ಹೋಯಿತು. ಕೇಳಿದವರ ಮನೆಯ ತೊಟ್ಟಿಲು ತೂಗುತ್ತಿರಲಿ.